ಮಂಡ್ಯದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ಹದಿನಾಲ್ಕು ಸಾವಿರ ಕಿಲೋಮೀಟರಿಗೆ ಎಷ್ಟು ಗಂಟೆ?

ಪ್ರಶ್ನೆ: ನಾನು ಮಂಡ್ಯದ ನಿವೃತ್ತ ಪ್ರೌಢಶಾಲಾ ಶಿಕ್ಷಕ, ಗಣಿತ ಪಾಠ ಮಾಡಿದವನು. ಮಗಳು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ ಇದ್ದಾಳೆ, ಜೂನ್‌ನಲ್ಲಿ ಹೆರಿಗೆ. ಬಾಣಂತನಕ್ಕೆಂದು ನಾನೂ ನನ್ನ ಮನೆಯವರೂ ಮೇ ತಿಂಗಳಲ್ಲಿ ಹೊರಡಬೇಕು. ಇಬ್ಬರಿಗೂ ಇದೇ ಮೊದಲ ವಿಮಾನ ಪ್ರಯಾಣ. ಅವರಿಗೆ ಸಕ್ಕರೆ ಕಾಯಿಲೆ ಇದೆ, ರಾತ್ರಿ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಮಂಡಿ ನೋವೂ ಇದೆ. ಮೊಬೈಲ್‌ನಲ್ಲಿ ನೋಡಿದರೆ ಬೆಂಗಳೂರಿನಿಂದ ಅಲ್ಲಿಗೆ ಸುಮಾರು 13,990 ಕಿ.ಮೀ. ಎಂದು ತೋರಿಸುತ್ತದೆ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದಿಟ್ಟುಕೊಂಡು ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ಆದರೆ ಟಿಕೆಟ್ ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ದೆಹಲಿ ಮೂಲಕ 22 ಗಂಟೆ, ಫ್ರಾಂಕ್‌ಫರ್ಟ್ ಮೂಲಕ 24 ಗಂಟೆ, ಅಗ್ಗದ ಇನ್ನೊಂದು 33 ಗಂಟೆ ಎಂದಿದೆ. 2023ರಲ್ಲಿ ಹೋದ ನನ್ನ ಸಹೋದ್ಯೋಗಿಯೊಬ್ಬರು ಬೆಂಗಳೂರಿನಿಂದ ಎಲ್ಲೂ ಇಳಿಯದೆ ತಲುಪಿದ್ದರು. ಅದು ಈ ಪಟ್ಟಿಯಲ್ಲೇ ಇಲ್ಲ. ಹೋಗುವಾಗ ಹೊರಟ ದಿನವೇ ಸಂಜೆ ತಲುಪುತ್ತೀರಿ, ಬರುವಾಗ ಹೊರಟ ದಿನದಿಂದ ಎಣಿಸಿ ಮೂರನೆಯ ದಿನ ತಲುಪುತ್ತೀರಿ ಎಂದೂ ಬರೆದಿದೆ. ಪಶ್ಚಿಮದ ಕಡೆಯಿಂದ ಹೋದರೆ ಭೂಮಿಯೇ ಎದುರು ತಿರುಗಿ ಬರುತ್ತದೆ, ಬೇಗ ತಲುಪಬಹುದು ಎನ್ನುತ್ತಾರೆ ಪಕ್ಕದ ಮನೆಯವರು. ಪೆಸಿಫಿಕ್ ಮೇಲೆ ಹೋದರೆ ಇಳಿಯಲು ನೆಲವೇ ಇಲ್ಲ, ಆ ದಾರಿ ಬೇಡ ಎನ್ನುತ್ತಾನೆ ನನ್ನ ಭಾಮೈದ. ಯಾವ ಲೆಕ್ಕ ಸರಿ? ಯಾವ ಟಿಕೆಟ್ ತೆಗೆದುಕೊಳ್ಳಲಿ?

ಉತ್ತರ: ಮೇಷ್ಟರೇ, ನಿಮ್ಮ ಭಾಗಾಕಾರದಲ್ಲಿ ತಪ್ಪಿಲ್ಲ. ಭಾಜ್ಯವೂ ಭಾಜಕವೂ ದಿನದಿನಕ್ಕೆ ಬದಲಾಗುತ್ತವೆ, ತೊಡಕಿರುವುದು ಅಲ್ಲಿ. ವಿಮಾನ ಹೊರಡುವ ಮುನ್ನ ಅದು ಯಾವ ದಾರಿಯಲ್ಲಿ, ಎಷ್ಟು ಎತ್ತರದಲ್ಲಿ, ಎಷ್ಟು ಇಂಧನ ತುಂಬಿಕೊಂಡು ಹೋಗಬೇಕೆಂದು ಲೆಕ್ಕ ಹಾಕಿಕೊಡುವ ಡಿಸ್ಪ್ಯಾಚ್ ವಿಭಾಗದಲ್ಲಿ ಕೆಲಸ ಮಾಡಿದವನು ನಾನು. ನಿವೃತ್ತನಾಗಿ ಮೈಸೂರಿನಲ್ಲಿ ನೆಲೆಸಿದ ಮೇಲೆ, ಮಕ್ಕಳು ಅಮೆರಿಕದಲ್ಲಿರುವ ಮನೆಗಳಿಂದ ಇಂಥ ಪ್ರಶ್ನೆ ಆಗಾಗ ಬರುತ್ತದೆ. ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಏಜೆಂಟ್ ಹೇಳುವ ಗಂಟೆಗಳನ್ನು ನಂಬಬಹುದೇ ಎಂಬುದು ಒಂದು. ಅಷ್ಟು ಹೊತ್ತಿನ ಪ್ರಯಾಣ ನಿಮ್ಮ ಮನೆಯವರ ದೇಹಕ್ಕೆ ಆಗುತ್ತದೆಯೇ ಎಂಬುದು ಇನ್ನೊಂದು. ಟಿಕೆಟ್ ಆರಿಸಬೇಕಾದದ್ದು ಎರಡನೆಯದನ್ನು ನೋಡಿ. ಆದರೆ ಮೊದಲನೆಯದು ಬಿಡಿಸಿಕೊಳ್ಳದೆ ಎರಡನೆಯದು ತಿಳಿಯಾಗುವುದಿಲ್ಲ, ಆದ್ದರಿಂದ ದೂರದಿಂದಲೇ ಆರಂಭಿಸುತ್ತೇನೆ.

13,990 ಕಿ.ಮೀ. ಎನ್ನುವುದು ದೇವನಹಳ್ಳಿಯ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣಕ್ಕೆ ಗೋಲದ ಮೇಲ್ಮೈಯಲ್ಲಿ ಅಳೆದ ಅತಿ ಕಡಿಮೆ ದೂರ. ಶಾಲೆಯ ಗೋಡೆಯ ಮೇಲಿನ ಪ್ರಪಂಚದ ನಕ್ಷೆಯಲ್ಲಿ ಭಾರತ ಬಲಗಡೆ ಇರುತ್ತದೆ, ಅಮೆರಿಕ ಎಡಗಡೆ. ಅಡಿಕೋಲು ಇಟ್ಟು ಗೆರೆ ಎಳೆದರೆ ಅದು ಅರಬ್ಬೀ ಸಮುದ್ರ, ಸಹರಾ ಮರುಭೂಮಿ, ಅಟ್ಲಾಂಟಿಕ್ ಸಾಗರ ದಾಟಿ ಹೋಗುತ್ತದೆ. ಆ ಗೆರೆಯನ್ನೇ ಹಿಡಿದು ಹಾರಿದರೆ ಕ್ರಮಿಸಬೇಕಾದ ದೂರ ಸುಮಾರು 20,000 ಕಿ.ಮೀ. ಪೆಸಿಫಿಕ್ ನಡುವೆ ಬರುವಂಥ ನಕ್ಷೆ ಹಿಡಿದು ಪೂರ್ವಕ್ಕೆ ಗೆರೆ ಎಳೆದರೂ 16,100 ಕಿ.ಮೀ. ಆಗುತ್ತದೆ. ಚಪ್ಪಟೆ ಹಾಳೆಯ ಮೇಲಿನ ನೇರ ಗೆರೆ ದುಂಡು ಭೂಮಿಯ ಮೇಲೆ ಸುತ್ತು ದಾರಿ.

ಗ್ಲೋಬ್ ಸಿಕ್ಕರೆ ಎರಡು ಊರುಗಳ ಮೇಲೆ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ. ಅದು ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಬೆಂಗಳೂರಿನಿಂದ ಬಹುಮಟ್ಟಿಗೆ ಉತ್ತರಕ್ಕೆ, ಪೂರ್ವದ ಕಡೆಗೆ ಇಪ್ಪತ್ತು ಡಿಗ್ರಿಯಷ್ಟು ವಾಲಿ ಹೊರಡುತ್ತದೆ. ಆಂಧ್ರ, ತೆಲಂಗಾಣ, ಕಾಶಿಯ ಸಮೀಪ, ನೇಪಾಳ, ಟಿಬೆಟ್, ಮಂಗೋಲಿಯ, ಸೈಬೀರಿಯ. ಅಲ್ಲಿಂದ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಆರ್ಕ್‌ಟಿಕ್ ಸಾಗರದ ಅಂಚು ಮುಟ್ಟಿ, ಅಲಾಸ್ಕ ದಾಟಿ ಕ್ಯಾಲಿಫೋರ್ನಿಯಕ್ಕೆ ಇಳಿಯುತ್ತದೆ. ಪೂರ್ವವೋ ಪಶ್ಚಿಮವೋ ಎಂದು ಮನೆಯಲ್ಲಿ ನಡೆದಿರುವ ವಾದಕ್ಕೆ ಭೂಗೋಳ ಕೊಡುವ ಉತ್ತರ: ಉತ್ತರ ದಿಕ್ಕು. ಉತ್ತರ ಧ್ರುವದ ನೆತ್ತಿಯ ಮೇಲೆಯೇ ಹಾದುಹೋದರೂ ದೂರ ಸುಮಾರು 14,365 ಕಿ.ಮೀ.; ಅಂದರೆ 375 ಕಿ.ಮೀ. ಮಾತ್ರ ಹೆಚ್ಚು. 2021ರ ಜನವರಿ 9ರಂದು ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ತಡೆರಹಿತ ವಿಮಾನ ಹಾರಿಸಿದಾಗ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಮಹಿಳಾ ಪೈಲಟ್‌ಗಳ ತಂಡ ಹಾದದ್ದು ಧ್ರುವದ ಮೇಲಿನಿಂದಲೇ. ನಮ್ಮ ವೃತ್ತಿಯವರಿಗೆ ಅದು ಹೆಮ್ಮೆಯ ದಿನ.

ದೆಹಲಿ ಈ ದಾರದ ಬಗಲಲ್ಲೇ ಇದೆ. ಬೆಂಗಳೂರಿನಿಂದ ದೆಹಲಿಗೆ ಸುಮಾರು 1,700 ಕಿ.ಮೀ., ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 12,400. ಕೂಡಿದರೆ 14,100. ದೆಹಲಿಯಲ್ಲಿ ಇಳಿದು ಹತ್ತಿದರೂ ದೂರ ಹೆಚ್ಚುವುದು ನೂರು ಕಿಲೋಮೀಟರಿನಷ್ಟು. ಟೋಕಿಯೊ ಮೂಲಕ ಹೋದರೆ ಸುಮಾರು 14,900, ದುಬೈ ಮೂಲಕ 15,700, ಫ್ರಾಂಕ್‌ಫರ್ಟ್ ಮೂಲಕ 16,550, ಸಿಂಗಪುರ ಮೂಲಕ 16,800ರ ಹತ್ತಿರ. ಇವೆಲ್ಲ ದಾರ ಹಿಡಿದು ಅಳೆದ ದೂರಗಳು. ವಿಮಾನ ದಾರದ ಮೇಲೆಯೇ ಹೋಗುವುದು ಅಪರೂಪ.

ಏಕೆಂದು ಹೇಳುತ್ತೇನೆ. ದಾರ ಟಿಬೆಟ್ ಮೇಲೆ ಹಾದುಹೋಗುತ್ತದೆ ಎಂದೆನಲ್ಲ. ಹಾರುತ್ತಿರುವ ವಿಮಾನದೊಳಗಿನ ಗಾಳಿಯ ಒತ್ತಡ ಆಕಸ್ಮಿಕವಾಗಿ ಕಡಿಮೆಯಾದರೆ ಪೈಲಟ್ ತಕ್ಷಣ ಸುಮಾರು 10,000 ಅಡಿಗೆ, ಅಂದರೆ ಮೂರು ಸಾವಿರ ಮೀಟರ್ ಎತ್ತರಕ್ಕೆ ಇಳಿಸಬೇಕು. ಪ್ರಯಾಣಿಕರ ತಲೆಯ ಮೇಲಿನಿಂದ ಬೀಳುವ ಆಮ್ಲಜನಕದ ಮುಖವಾಡಗಳು ಸಾಮಾನ್ಯವಾಗಿ ಕೆಲಸ ಮಾಡುವುದು ಹದಿನೈದು ನಿಮಿಷದ ಆಸುಪಾಸು. ಆದರೆ ಟಿಬೆಟ್‌ನ ನೆಲವೇ ಸರಾಸರಿ 4,500 ಮೀಟರಿಗಿಂತ ಎತ್ತರದಲ್ಲಿದೆ! ಇಳಿಯಲು ಜಾಗವಿಲ್ಲದ ಕಡೆ ದಾರಿ ಹಾಕಲು ನಾವು ಒಪ್ಪುವುದಿಲ್ಲ. ಆದ್ದರಿಂದ ವಿಮಾನಗಳು ಆ ಪ್ರಸ್ಥಭೂಮಿಯ ಮೇಲೆ ಹಾರದೆ ಅದನ್ನು ಸುತ್ತುಹಾಕಿಕೊಂಡು ಹೋಗುತ್ತವೆ.

ಇನ್ನು ಗಡಿಗಳು. ಆಕಾಶಕ್ಕೂ ಗಡಿಯಿದೆ, ಆ ಗಡಿಗೂ ಬಾಗಿಲು ಹಾಕುತ್ತಾರೆ. 2019ರ ಫೆಬ್ರವರಿ ಕೊನೆಯಿಂದ ಜುಲೈವರೆಗೆ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಮುಚ್ಚಿದಾಗ ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳೆಲ್ಲ ಸುತ್ತಿ ಬಳಸಿ ಹೋಗಬೇಕಾಯಿತು. 2025ರ ಏಪ್ರಿಲ್‌ನಲ್ಲಿ ಭಾರತೀಯ ವಿಮಾನಗಳಿಗೆ ಅದು ಮತ್ತೆ ಮುಚ್ಚಿತು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ಅಮೆರಿಕ ಮತ್ತು ಐರೋಪ್ಯ ಒಕ್ಕೂಟದ ವಿಮಾನಗಳಿಗೆ ರಷ್ಯಾದ ಆಕಾಶ ಇಲ್ಲವಾಯಿತು; ಭಾರತೀಯ ಕಂಪನಿಗಳಿಗೆ ಆ ನಿರ್ಬಂಧ ಬರಲಿಲ್ಲ. ಹೀಗಾಗಿ ಒಂದೇ ಜೋಡಿ ಊರುಗಳ ನಡುವೆ ಬೇರೆ ಬೇರೆ ದೇಶದ ವಿಮಾನಗಳು ಬೇರೆ ಬೇರೆ ದೂರ ಹಾರಬೇಕಾಗುತ್ತದೆ. ನಿಮ್ಮ ಭಾಜ್ಯ ಗಟ್ಟಿಯಾಗಿ ನಿಲ್ಲದಿರುವುದು ಈ ಕಾರಣಗಳಿಂದ.

ಭಾಜಕದ ಕಥೆ ಇದಕ್ಕಿಂತ ದೊಡ್ಡದು. ಗಂಟೆಗೆ 900 ಕಿ.ಮೀ. ಎನ್ನುವುದು ಗಾಳಿಯ ಒಳಗೆ ವಿಮಾನದ ವೇಗ. ನೆಲದ ಮೇಲಿನ ವೇಗ ಬೇಕಾದರೆ ಅದಕ್ಕೆ ಗಾಳಿಯದೇ ವೇಗವನ್ನು ಕೂಡಬೇಕು ಅಥವಾ ಕಳೆಯಬೇಕು. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟಾಗ ಈಜಿದ ಹುಡುಗರಿಗೆ ಇದು ಪಾಠವಿಲ್ಲದೆ ಗೊತ್ತು: ಹರಿವಿನ ಜೊತೆ ಹೋಗುವಾಗ ಸೇತುವೆ ಬಂದದ್ದೇ ತಿಳಿಯುವುದಿಲ್ಲ, ಅದೇ ತೋಳು ಎದುರು ಈಜುವಾಗ ಸೋಲುತ್ತದೆ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಸಮಶೀತೋಷ್ಣ ವಲಯದ ಸುತ್ತ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಕಿರಿದಾದ ಪ್ರವಾಹಗಳಿವೆ. ಜೆಟ್ ಸ್ಟ್ರೀಮ್ ಎನ್ನುವುದು ಇದನ್ನೇ. ಚಳಿಗಾಲದಲ್ಲಿ ಜಪಾನಿನ ಮೇಲೆ ಇದರ ವೇಗ ಗಂಟೆಗೆ 300 ಕಿ.ಮೀ. ಮೀರುವುದುಂಟು. ಬೇಸಿಗೆಯಲ್ಲಿ ಅದು ಸಡಿಲಗೊಂಡು ಉತ್ತರಕ್ಕೆ ಸರಿಯುತ್ತದೆ.

ನಿಮಗೊಂದು ಲೆಕ್ಕ. ಸುತ್ತಿ ಬಳಸಿ 14,500 ಕಿ.ಮೀ. ಹಾರಬೇಕು ಎಂದುಕೊಳ್ಳಿ. ಗಾಳಿ ಇಲ್ಲದಿದ್ದರೆ 16 ಗಂಟೆಗೆ ಸ್ವಲ್ಪ ಹೆಚ್ಚು. ದಾರಿಯುದ್ದಕ್ಕೂ ಸರಾಸರಿ 80 ಕಿ.ಮೀ. ಗಾಳಿ ಬೆನ್ನಿಗಿದ್ದರೆ ಸುಮಾರು 14 ಗಂಟೆ 50 ನಿಮಿಷ. ಅದೇ ಗಾಳಿ ಎದುರಿಗಿದ್ದರೆ 17 ಗಂಟೆ 40 ನಿಮಿಷ. ದೂರ ಒಂದೇ, ಅಂತರ ಮೂರು ಗಂಟೆಗೆ ಹತ್ತಿರ. ಟೋಕಿಯೊದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿ ಹೋಗುವ ವಿಮಾನ ಹಿಂತಿರುಗಲು ಹನ್ನೊಂದು ಗಂಟೆಯ ಹತ್ತಿರ ತೆಗೆದುಕೊಳ್ಳುವುದು ಇದೇ ಕಾರಣಕ್ಕೆ.

ಇದರ ಒಳ್ಳೆಯ ಉದಾಹರಣೆ ನಮ್ಮ ದೇಶದ್ದೇ ಇದೆ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ದಾರಿಯಿಂದ ಪೆಸಿಫಿಕ್ ದಾರಿಗೆ ಬದಲಿಸಿತು. ಹೊಸ ದಾರಿ 15,000 ಕಿಲೋಮೀಟರಿಗಿಂತ ಉದ್ದ, ಹಳೆಯದಕ್ಕಿಂತ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಜಾಸ್ತಿ. ಆದರೂ ಗಾಳಿ ಬೆನ್ನಿಗಿದ್ದುದರಿಂದ ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ, ಹಳೆಯ ದಾರಿಗಿಂತ ಬೇಗ ತಲುಪಿತು. ಹೆಚ್ಚು ದೂರ, ಕಡಿಮೆ ಸಮಯ, ಕಡಿಮೆ ಇಂಧನ. ಡಿಸ್ಪ್ಯಾಚ್ ಕೋಣೆಯಲ್ಲಿ ನಾವು ದಾರಿಯ ನಕ್ಷೆಗಿಂತ ಮೊದಲು ಗಾಳಿಯ ದಿಕ್ಕು, ವೇಗ ತೋರಿಸುವ ಪಟ ತೆರೆಯುತ್ತಿದ್ದುದು ಇದಕ್ಕಾಗಿ.

ಪಕ್ಕದ ಮನೆಯವರ ಮಾತನ್ನು ಇಲ್ಲಿಯೇ ಮುಗಿಸೋಣ. ಮಂಡ್ಯದ ಅಕ್ಷಾಂಶದಲ್ಲಿ ಭೂಮಿ ಗಂಟೆಗೆ ಸುಮಾರು 1,630 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ, ನಿಜ. ಆದರೆ ನೆಲದ ಜೊತೆಗೆ ಗಾಳಿಯೂ ತಿರುಗುತ್ತದೆ, ನಿಲ್ದಾಣದಲ್ಲಿ ನಿಂತ ವಿಮಾನವೂ ತಿರುಗುತ್ತಿರುತ್ತದೆ. ಮೇಲೆದ್ದ ಕೂಡಲೇ ಆ ವೇಗ ಕಳಚಿಕೊಳ್ಳುವುದಿಲ್ಲ. ಅವರ ಮಾತು ನಿಜವಾಗಿದ್ದರೆ ಪಶ್ಚಿಮಕ್ಕೆ ಹೋಗುವ ವಿಮಾನಗಳು ಬೇಗ ತಲುಪಬೇಕಿತ್ತು. ಸಾಮಾನ್ಯವಾಗಿ ಆಗುವುದು ತದ್ವಿರುದ್ಧ. ಒಂದು ಮಾತು ಮಾತ್ರ ಅವರ ಪರವಾಗಿ ಹೇಳಬೇಕು: ಆ ಜೆಟ್ ಗಾಳಿ ಪೂರ್ವಕ್ಕೆ ಹರಿಯುವುದರ ಹಿಂದೆ ಭೂಮಿಯ ತಿರುಗುವಿಕೆಯ ಕೈವಾಡ ಇದ್ದೇ ಇದೆ.

ನಿಮ್ಮ ಭಾಮೈದನವರ ಭಯ ಬೇರೆ ಬಗೆಯದು, ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಎರಡು ಎಂಜಿನ್‌ಗಳ ವಿಮಾನ ಸಮುದ್ರದ ಮೇಲೆ ಎಲ್ಲೆಂದರಲ್ಲಿ ಹೋಗುವಂತಿಲ್ಲ. ಒಂದು ಎಂಜಿನ್ ನಿಂತರೂ ಉಳಿದ ಒಂದರಲ್ಲೇ ಇಂತಿಷ್ಟು ನಿಮಿಷದೊಳಗೆ ಒಂದು ನಿಲ್ದಾಣ ಮುಟ್ಟುವಂತಿರಬೇಕು ಎಂಬ ನಿಯಮವಿದೆ. ಬಹಳ ಕಡೆ ಅದು 180 ನಿಮಿಷ; ಬೋಯಿಂಗ್ 777ರಂಥ ಕೆಲವು ಮಾದರಿಗಳಿಗೆ 330 ನಿಮಿಷದವರೆಗೂ ಅನುಮತಿ ಸಿಗುತ್ತದೆ. ಉತ್ತರ ಪೆಸಿಫಿಕ್ ದಾರಿಯಲ್ಲಿ ಜಪಾನಿನ ನಿಲ್ದಾಣಗಳು, ಅಲಾಸ್ಕದ ಆಂಕರೇಜ್, ಕೋಲ್ಡ್ ಬೇ ಇಂಥವು ಹಾಗೆ ಇಳಿಯಬಹುದಾದ ನಿಲ್ದಾಣಗಳ ಪಟ್ಟಿಯಲ್ಲಿರುತ್ತವೆ. ಹೊರಡುವ ಮುನ್ನ ಅಲ್ಲಿನ ಹವೆ ಇಳಿಯುವಂತಿದೆಯೇ ಎಂದು ನೋಡಿಯೇ ಡಿಸ್ಪ್ಯಾಚರ್ ಸಹಿ ಹಾಕುವುದು. ಧ್ರುವದ ದಾರಿಗೆ ಇನ್ನೊಂದು ತಪಾಸಣೆ ಸೇರುತ್ತದೆ: ಅಲ್ಲಿನ ಚಳಿಗೆ ರೆಕ್ಕೆಯೊಳಗಿನ ಇಂಧನ ಹೆಪ್ಪುಗಟ್ಟಬಾರದು. ಅಮೆರಿಕದಲ್ಲಿ ತುಂಬುವ ಇಂಧನ ಮೈನಸ್ 40 ಡಿಗ್ರಿಗೆ, ನಮ್ಮಲ್ಲಿ ತುಂಬುವುದು ಮೈನಸ್ 47ಕ್ಕೆ ಹೆಪ್ಪುಗಟ್ಟಬಹುದು.

ಇಳಿಯಲು ನೆಲ ಸಿಗುತ್ತದೆ, ಆದರೆ ಆ ನೆಲದಲ್ಲಿ ಸೌಕರ್ಯ ಇರಲೇಬೇಕೆಂದಿಲ್ಲ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದಾಗಿ ರಷ್ಯಾದ ಮಗಡಾನ್ ಎಂಬ ದೂರದ ಊರಿನಲ್ಲಿ ಇಳಿಯಿತು. ಎಲ್ಲರೂ ಸುರಕ್ಷಿತ. ಆದರೆ ಬದಲಿ ವಿಮಾನ ಬರುವವರೆಗೆ, ಒಂದು ದಿನಕ್ಕೂ ಹೆಚ್ಚು ಹೊತ್ತು, ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಅಲ್ಲಿ ಕಳೆಯಬೇಕಾಯಿತು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಸಕ್ಕರೆ ಕಾಯಿಲೆಯ ಔಷಧವನ್ನು ಪ್ರಯಾಣದ ಅವಧಿಗೆ ಮಾತ್ರ ಎಣಿಸಿ ಕೈಚೀಲದಲ್ಲಿ ಇಟ್ಟುಕೊಳ್ಳಬಾರದು ಎಂದು ಹೇಳಲು ಇದಕ್ಕಿಂತ ಗಟ್ಟಿಯಾದ ಕಾರಣ ನನಗೆ ಗೊತ್ತಿಲ್ಲ.

ಬೆಂಗಳೂರಿನಿಂದ ನೇರ ವಿಮಾನ ನಿಮ್ಮ ಪಟ್ಟಿಯಲ್ಲಿ ಏಕಿಲ್ಲ? ಇಂಥ ಅತಿ ದೂರದ ಸೇವೆ ಯಾವಾಗಲೂ ಕತ್ತಿಯ ಅಂಚಿನ ಲೆಕ್ಕದ ಮೇಲೆ ನಡೆಯುತ್ತದೆ. ಆ ಮಾರ್ಗಕ್ಕೆ ಬಳಸಿದ ಬೋಯಿಂಗ್ 777-200ಎಲ್‌ಆರ್ ಮಾದರಿ ಹೊರಡುವಾಗ ಗರಿಷ್ಠ 347 ಟನ್ ತೂಗಬಹುದು. ಅದರ ಟ್ಯಾಂಕುಗಳಲ್ಲಿ ಹಿಡಿಯುವ ಇಂಧನ 1,80,000 ಲೀಟರಿಗೂ ಹೆಚ್ಚು, ಅಂದರೆ ಹತ್ತಿರ ಹತ್ತಿರ 145 ಟನ್. ಒಟ್ಟು ತೂಕದ ಐದರಲ್ಲಿ ಎರಡು ಪಾಲು ಬರೀ ಎಣ್ಣೆ. ಹದಿನಾರನೆಯ ಗಂಟೆಯಲ್ಲಿ ಸುಡಬೇಕಾದ ಎಣ್ಣೆಯನ್ನು ಹದಿನೈದು ಗಂಟೆ ಹೊತ್ತು ತರಲು ಮತ್ತಷ್ಟು ಎಣ್ಣೆ ಸುಡಬೇಕು. ದೇವನಹಳ್ಳಿ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು, ಮಧ್ಯಾಹ್ನದ ಬಿಸಿಲಿಗೆ ಇನ್ನೂ ತೆಳು, ತುಂಬಿದ ವಿಮಾನ ಏಳುವುದು ಅಷ್ಟರಮಟ್ಟಿಗೆ ಕಷ್ಟ. ಎದುರು ಗಾಳಿ ಹೆಚ್ಚಿದರೆ, ಒಂದು ದೇಶದ ಆಕಾಶ ಮುಚ್ಚಿದರೆ, ಎಣ್ಣೆಯ ಬೆಲೆ ಏರಿದರೆ ಕಂಪನಿಯ ಮುಂದೆ ಉಳಿಯುವ ದಾರಿ ಎರಡು: ಸೀಟು ಖಾಲಿ ಬಿಟ್ಟು ಹಾರುವುದು, ಇಲ್ಲವೇ ನಡುವೆ ಎಲ್ಲಾದರೂ ಇಳಿಸಿ ಎಣ್ಣೆ ತುಂಬುವುದು. ಎರಡೂ ನಷ್ಟ. ಆದ್ದರಿಂದ ಇಂಥ ಸೇವೆಗಳು ಬರುತ್ತವೆ, ನಿಲ್ಲುತ್ತವೆ, ಮತ್ತೆ ಬರುತ್ತವೆ. ನಿಮ್ಮ ತಾರೀಖಿಗೆ ಇದೆಯೇ ಎಂದು ಏಜೆಂಟ್‌ನನ್ನು ಒಮ್ಮೆ ಸ್ಪಷ್ಟವಾಗಿ ಕೇಳಿ. ಕೇಳುವಾಗ ‘ನಾನ್‌ಸ್ಟಾಪ್’ ಎಂದೇ ಕೇಳಿ. ಡೈರೆಕ್ಟ್ ಎಂದು ಮಾರುವ ಟಿಕೆಟ್ ನಡುವೆ ಒಂದು ಕಡೆ ಇಳಿದು ಹೋಗುವುದೂ ಆಗಿರಬಹುದು.

ಮೈಸೂರಿನ ಮಂಡಕಳ್ಳಿಯಿಂದಲೇ ಹೋಗುವಂತಿಲ್ಲವೇ ಎಂದು ನಮ್ಮ ಬಡಾವಣೆಯಲ್ಲೂ ಕೇಳುತ್ತಾರೆ. ಅಲ್ಲಿನ ರನ್‌ವೇ 1,740 ಮೀಟರ್, ಎಪ್ಪತ್ತು ಸೀಟಿನ ಪ್ರೊಪೆಲ್ಲರ್ ವಿಮಾನಗಳಿಗೆ ತಕ್ಕದ್ದು. ದೇವನಹಳ್ಳಿಯವು ನಾಲ್ಕು ಸಾವಿರ ಮೀಟರಿನವು.

ತಾರೀಖಿನ ಗೊಂದಲಕ್ಕೆ ಬರೋಣ, ಇದು ಬರೀ ಕೂಡುವ ಕಳೆಯುವ ಲೆಕ್ಕ. ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಗ ಅಂತರ ಹದಿಮೂರೂವರೆ. ಮಾರ್ಚ್ ಎರಡನೆಯ ಭಾನುವಾರ ಮತ್ತೆ ಮುಂದಕ್ಕೆ. ಸೋಮವಾರ ಬೆಳಿಗ್ಗೆ 10ಕ್ಕೆ ಬೆಂಗಳೂರು ಬಿಟ್ಟು ದೆಹಲಿ ಮೂಲಕ 22 ಗಂಟೆ ಪ್ರಯಾಣ ಮಾಡಿದರೆ ನಮ್ಮ ಗಡಿಯಾರದಲ್ಲಿ ಮಂಗಳವಾರ ಬೆಳಿಗ್ಗೆ 8 ಗಂಟೆ. ಹನ್ನೆರಡೂವರೆ ಕಳೆಯಿರಿ, ಅಲ್ಲಿ ಸೋಮವಾರ ಸಂಜೆ ಏಳೂವರೆ. ಪೆಸಿಫಿಕ್‌ನ ದಿನಾಂಕ ರೇಖೆ ದಾಟಿ ಹೋದರೂ ಸರಿ, ಅದನ್ನು ದಾಟದೆ ಅಟ್ಲಾಂಟಿಕ್ ಕಡೆಯಿಂದ ಹೋದರೂ ಸರಿ, ಇಳಿದಾಗ ಅಲ್ಲಿನ ಗಡಿಯಾರ ತೋರಿಸುವುದು ಒಂದೇ. ಬರುವಾಗ ಇದು ತಲೆಕೆಳಗಾಗುತ್ತದೆ: ಮೊದಲ ಬೆಂಗಳೂರು ವಿಮಾನ 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟು ಇಲ್ಲಿ ಇಳಿದದ್ದು 11ರ ನಸುಕಿನಲ್ಲಿ, ಹಾರಿದ್ದು ಹದಿನೇಳು ಗಂಟೆಯ ಆಸುಪಾಸು ಮಾತ್ರ.

ಟಿಕೆಟ್ ಮೇಲಿನ ಗಂಟೆಗಳನ್ನು ನಂಬಬಹುದು. ಅವು ವಿಮಾನ ಜಾಗ ಬಿಟ್ಟು ಹಿಂದೆ ಸರಿದ ಕ್ಷಣದಿಂದ ಅಲ್ಲಿ ಜಾಗ ಸೇರಿ ನಿಂತ ಕ್ಷಣದವರೆಗಿನ ಅವಧಿ. ರನ್‌ವೇಗೆ ಉರುಳಿ ಹೋಗುವುದು, ಸರದಿ ಕಾಯುವುದು, ಆ ಋತುವಿನ ಸರಾಸರಿ ಗಾಳಿ ಎಲ್ಲವೂ ಅದರಲ್ಲಿ ಸೇರಿದೆ. ಅದರಲ್ಲಿ ಸೇರದೆ ಉಳಿಯುವುದು ನಿಮ್ಮ ಮನೆಯಿಂದ ವಿಮಾನದವರೆಗಿನ ಹೊತ್ತು. ಮಂಡ್ಯದಿಂದ ಎಕ್ಸ್‌ಪ್ರೆಸ್‌ವೇಯಲ್ಲಿ ಕೆಂಗೇರಿವರೆಗೆ ಸಲೀಸು, ಅಲ್ಲಿಂದಾಚೆಗೆ ಬೆಂಗಳೂರನ್ನು ದಾಟಿ ದೇವನಹಳ್ಳಿ ಸೇರುವುದೇ ಕಷ್ಟ. ನಾಲ್ಕು ಗಂಟೆ ಇಟ್ಟುಕೊಳ್ಳಿ. ನಿಲ್ದಾಣದಲ್ಲಿ ಮೂರು ಗಂಟೆ ಮೊದಲು ಇರಬೇಕು. ಆ ಕಡೆ ವಲಸೆ ತಪಾಸಣೆ, ಪೆಟ್ಟಿಗೆ, ಮಗಳ ಮನೆಗೆ ಕಾರು, ಒಟ್ಟು ಮೂರು ಗಂಟೆ. ಏಜೆಂಟ್ ಹೇಳಿದ 22 ಗಂಟೆ ನಿಮ್ಮ ಮನೆಯವರ ಪಾಲಿಗೆ 32. ನೀವು ಹೋಲಿಸಿ ನೋಡಬೇಕಾದದ್ದು ಈ ಸಂಖ್ಯೆಗಳನ್ನು. ಮತ್ತು ಅದರೊಳಗೆ ಒಂದೇ ಸಮನೆ ಕುಳಿತಿರಬೇಕಾದ ಹೊತ್ತು ಎಷ್ಟು ಎಂಬುದನ್ನು.

ಅಗ್ಗದ 33 ಗಂಟೆಯದ್ದನ್ನು ಮೊದಲು ಪಟ್ಟಿಯಿಂದ ತೆಗೆದುಹಾಕಿ. ಅಷ್ಟು ಉದ್ದದ ಅಗ್ಗದ ಟಿಕೆಟ್‌ಗಳಲ್ಲಿ ಎರಡು ಬೇರೆ ಬೇರೆ ಟಿಕೆಟ್‌ಗಳನ್ನು ಜೋಡಿಸಿರುವುದು ಉಂಟು. ಹಾಗಿದ್ದಾಗ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಕಂಪನಿಗೆ ಹೊಣೆಯಿಲ್ಲ. ನಡುರಾತ್ರಿ, ಗೊತ್ತಿಲ್ಲದ ಊರಿನಲ್ಲಿ, ಹೊಸ ಟಿಕೆಟ್‌ಗೆ ನೀವೇ ಹಣ ಹಾಕಬೇಕು. ಯಾವ ದಾರಿಯಾದರೂ ಸರಿ, ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಹಾಗಿದ್ದರೆ ತಪ್ಪಿದ ವಿಮಾನಕ್ಕೆ ಬದಲಿ ಕೊಡುವುದು ಅವರ ಹೊಣೆ, ಪೆಟ್ಟಿಗೆಗಳೂ ಕೊನೆಯ ಊರಿಗೇ ಹೋಗುತ್ತವೆ. ಏಜೆಂಟ್ ಷಿಕಾಗೋ, ನ್ಯೂಯಾರ್ಕ್ ಮೂಲಕ ಎಂದೇನಾದರೂ ಹೇಳಿದರೆ ಬೇಡವೆನ್ನಿ. ಅಮೆರಿಕದಲ್ಲಿ ಮೊದಲು ಕಾಲಿಟ್ಟ ಊರಿನಲ್ಲೇ ವಲಸೆ ತಪಾಸಣೆ ಮುಗಿಸಿ, ಪೆಟ್ಟಿಗೆ ತೆಗೆದುಕೊಂಡು ಮತ್ತೆ ಒಪ್ಪಿಸಬೇಕು. ಮಂಡಿ ನೋವಿನವರಿಗೆ ಆ ಓಡಾಟ ಸಲ್ಲದು.

ಉಳಿದ ಎರಡರಲ್ಲಿ ಸಾಮಾನ್ಯವಾಗಿ ನನ್ನ ಒಲವು ದೆಹಲಿಯ ಕಡೆಗೆ. ದೂರ ವ್ಯರ್ಥವಾಗುವುದಿಲ್ಲ, ತೊಂದರೆಯಾದರೆ ನಮ್ಮ ದೇಶದಲ್ಲೇ ಇರುತ್ತೀರಿ, ಮೇ ತಿಂಗಳಲ್ಲಿ ದೆಹಲಿಯ ಮಂಜಿನ ಕಾಟವೂ ಇಲ್ಲ. ನಡುವೆ ಮೂರೂವರೆಯಿಂದ ಐದು ಗಂಟೆ ಬಿಡುವು ಇರಲಿ. ಎರಡು ಗಂಟೆಯ ಬಿಡುವು ಕಾಗದದ ಮೇಲೆ ಚೆಂದ, ಕಾರಿಡಾರಿನಲ್ಲಿ ಸಾಲದು. ಆದರೆ ದೆಹಲಿಯಿಂದ ಮುಂದಿನದು ಹದಿನಾರು ಗಂಟೆಯ ಆಸುಪಾಸಿನ ಒಂದೇ ಹಾರಾಟ. ಫ್ರಾಂಕ್‌ಫರ್ಟ್ ಮೂಲಕ ಹೋದರೆ ಹತ್ತು ಮತ್ತು ಹನ್ನೊಂದೂವರೆ ಗಂಟೆಯ ಎರಡು ತುಂಡುಗಳು, ನಡುವೆ ಕಾಲಾಡಿಸಲು ಅವಕಾಶ. ಟೋಕಿಯೊ ಮೂಲಕ ಸಿಕ್ಕರೆ ಎಂಟು, ಒಂಬತ್ತೂವರೆ ಗಂಟೆಯ ತುಂಡುಗಳು; ಹೋಗುವಾಗ ಗಾಳಿಯೂ ಬೆನ್ನಿಗಿರುತ್ತದೆ. ಏಜೆಂಟ್ ಅದನ್ನು ತೋರಿಸಿಲ್ಲವಾದರೆ ಕೇಳಿ ನೋಡಿ. ವೈದ್ಯರು ಒಂದೇ ಸಲಕ್ಕೆ ಹದಿನಾರು ಗಂಟೆ ಕೂರುವುದು ಬೇಡ ಎಂದರೆ ಎರಡು ಗಂಟೆ ಹೆಚ್ಚಾದರೂ ತುಂಡು ಮಾಡಿ ಹೋಗುವುದೇ ಸರಿ. ಬೇರೆ ದೇಶದಲ್ಲಿ ವಿಮಾನ ಬದಲಿಸಲು ಟ್ರಾನ್ಸಿಟ್ ವೀಸಾ ಬೇಕೇ ಎಂಬ ನಿಯಮಗಳು ಬದಲಾಗುತ್ತಿರುತ್ತವೆ. ಹಣ ಕಟ್ಟುವ ಮೊದಲು ಆ ವಿಮಾನ ಕಂಪನಿಯಿಂದಲೇ ಖಚಿತಪಡಿಸಿಕೊಳ್ಳಿ.

ಇನ್ನು ದೇಹದ ಮಾತು. ನಾನು ವೈದ್ಯನಲ್ಲ, ಕ್ಯಾಬಿನ್ ಹೇಗಿರುತ್ತದೆ ಎಂಬುದನ್ನು ಮಾತ್ರ ಹೇಳಬಲ್ಲೆ. ಒಳಗಿನ ಗಾಳಿಯ ಒತ್ತಡ ಹೆಚ್ಚೆಂದರೆ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟಕ್ಕೆ ಇಳಿಯುತ್ತದೆ. ಊಟಿ ಇರುವುದು 2,240 ಮೀಟರಿನಲ್ಲಿ. ಬೋಯಿಂಗ್ 787, ಏರ್‌ಬಸ್ ಎ350 ಮಾದರಿಗಳಲ್ಲಿ ಅದು 1,800 ಮೀಟರಿನಷ್ಟು, ಸ್ವಲ್ಪ ಹಿತ. ಗಾಳಿ ಬಹಳ ಒಣ. ಬಾಯಾರಿಕೆ ಆಗುವ ಮೊದಲೇ ನೀರು ಕುಡಿಯುತ್ತಿರಬೇಕು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ನಡುದಾರಿಯ ಪಕ್ಕದ ಸೀಟು ತೆಗೆದುಕೊಳ್ಳಿ. ಎಚ್ಚರವಿದ್ದಾಗ ಒಂದೆರಡು ಗಂಟೆಗೊಮ್ಮೆ ಎದ್ದು ಓಡಾಡಲಿ, ಕುಳಿತಲ್ಲೇ ಪಾದ ಮೇಲೆ ಕೆಳಗೆ ಆಡಿಸುತ್ತಿರಲಿ. ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಬೇಕೆಂದು ನಮೂದಿಸಿ. ಸಂಕೋಚ ಬೇಡ, ದೊಡ್ಡ ನಿಲ್ದಾಣಗಳಲ್ಲಿ ಒಂದು ದ್ವಾರದಿಂದ ಇನ್ನೊಂದಕ್ಕೆ ನಡೆಯುವ ದೂರ ಕಡಿಮೆಯದಲ್ಲ.

ಇನ್ಸುಲಿನ್ ವಿಷಯದಲ್ಲಿ ಮಾತ್ರ ಅಂದಾಜು ಬೇಡ. ಇಲ್ಲಿನ ರಾತ್ರಿ ಅಲ್ಲಿನ ಬೆಳಗು. ಯಾವ ಗಡಿಯಾರಕ್ಕೆ ಯಾವ ಸೂಜಿ, ಎಷ್ಟು ಪ್ರಮಾಣ ಎಂದು ನಿಮ್ಮ ವೈದ್ಯರಿಂದಲೇ ಬರೆಸಿಕೊಳ್ಳಿ. ಅವರ ಬಳಿ ಹೋಗುವಾಗ ಟಿಕೆಟ್‌ನ ಪ್ರತಿ ಜೊತೆಗಿರಲಿ. ಹೊರಡುವ ಮತ್ತು ತಲುಪುವ ಸಮಯಗಳನ್ನು ಎರಡೂ ಊರಿನ ಗಡಿಯಾರದಲ್ಲಿ ನೀವೇ ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ಅವರಿಗೆ ಸುಲಭ. ದಾರಿಯಲ್ಲಿ ನಿಮ್ಮ ಕೈಗಡಿಯಾರ ಭಾರತದ ಸಮಯದಲ್ಲೇ ಇರಲಿ, ತಲುಪಿದ ಮೇಲೆ ಬದಲಿಸಿ. ಇನ್ಸುಲಿನ್ ಕೈಚೀಲದಲ್ಲೇ ಇರಬೇಕು, ಕೆಳಗೆ ಹಾಕುವ ಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿ ಕೆಡಬಹುದು. ಜೊತೆಗೆ ಔಷಧದ ಮೂಲ ಹೆಸರುಗಳಿರುವ ಇಂಗ್ಲಿಷ್ ಚೀಟಿ, ಗ್ಲೂಕೋಮೀಟರ್, ಸಕ್ಕರೆ ಇಳಿದರೆ ಬಾಯಿಗೆ ಹಾಕಿಕೊಳ್ಳಲು ಏನಾದರೂ ಸಿಹಿ, ಕನಿಷ್ಠ ಮೂರು ನಾಲ್ಕು ದಿನಕ್ಕಾಗುವಷ್ಟು ಔಷಧ. ಬಾಣಂತಿಗೆಂದು ಒಯ್ಯುವ ಲೇಹ, ಪುಡಿಗಳನ್ನು ಅಮೆರಿಕದ ಕಸ್ಟಮ್ಸ್‌ನಲ್ಲಿ ಕೇಳುವ ಮೊದಲೇ ಹೇಳಿಬಿಡಿ. ಹೇಳಿದರೆ ಹೆಚ್ಚೆಂದರೆ ತೆಗೆದಿಡುತ್ತಾರೆ, ಬಚ್ಚಿಟ್ಟರೆ ದಂಡ.

ತಲುಪಿದ ಮೇಲೆ ನಿದ್ದೆ ಆ ಊರಿನ ಹಗಲು ರಾತ್ರಿಯ ಲೆಕ್ಕಕ್ಕೆ ಹೊಂದಲು ಒಂದು ವಾರ, ಕೆಲವರಿಗೆ ಹತ್ತು ದಿನ ಬೇಕಾಗುತ್ತದೆ. ಹೆರಿಗೆಯ ತಾರೀಖಿಗಿಂತ ಕನಿಷ್ಠ ಮೂರು ವಾರ ಮೊದಲು ಇರುವಂತೆ ಟಿಕೆಟ್ ಮಾಡಿಸಿದರೆ ಮಗುವನ್ನು ಎತ್ತಿಕೊಳ್ಳುವ ಹೊತ್ತಿಗೆ ನಿಮ್ಮ ಮನೆಯವರಿಗೆ ಶಕ್ತಿ ಇರುತ್ತದೆ. ಮರಳುವ ಟಿಕೆಟ್ ನವೆಂಬರ್ ಮೊದಲ ವಾರದ ಆಸುಪಾಸು ಇದ್ದರೆ ಗಡಿಯಾರ ಬದಲಾಗುವ ಭಾನುವಾರ ನಡುವೆ ಬರುತ್ತದೆಯೇ ನೋಡಿಕೊಳ್ಳಿ. ಕರೆದುಕೊಂಡು ಹೋಗಲು ಮಂಡ್ಯದಿಂದ ಕಾರು ಕಳುಹಿಸುವವರಿಗೆ ಅಲ್ಲಿ ಹೊರಡುವ ತಾರೀಖು ಹೇಳಬೇಡಿ, ದೇವನಹಳ್ಳಿಯಲ್ಲಿ ಇಳಿಯುವ ತಾರೀಖು ಮತ್ತು ಗಂಟೆಯನ್ನಷ್ಟೇ ಬರೆದು ಕಳುಹಿಸಿ.